ಶಾಲಾ ರಸಪ್ರಶ್ನೆ ಸ್ಪರ್ಧೆಯನ್ನು ನ್ಯಾಯವಾಗಿ ನಡೆಸುವ ಬಗೆ: ಮುಂಬೈಯ ಕನ್ನಡ ಸಂಘ, ಶಾಲೆಗಳಿಗೆ ಒಂದು ಮಾರ್ಗದರ್ಶಿ

ನವೆಂಬರ್ ತಿಂಗಳ ರಾಜ್ಯೋತ್ಸವ ಬಂತೆಂದರೆ ಮುಂಬೈ, ಥಾಣೆ, ಡೊಂಬಿವಲಿ, ನವಿಮುಂಬೈಗಳ ಕನ್ನಡ ಸಂಘಗಳಲ್ಲಿ ಮಕ್ಕಳ ಸ್ಪರ್ಧೆಗಳ ಹಂಗಾಮು ಆರಂಭವಾಗುತ್ತದೆ. ಭಾಷಣ, ಭಾವಗೀತೆ, ಛದ್ಮವೇಷಗಳ ಫಲಿತಾಂಶ ತೀರ್ಪುಗಾರರ ಅಭಿರುಚಿಗೆ ಬಿಟ್ಟದ್ದೆಂದು ಪಾಲಕರು ಹೇಗೋ ಸಮಾಧಾನ ಮಾಡಿಕೊಳ್ಳುತ್ತಾರೆ. ರಸಪ್ರಶ್ನೆಯಲ್ಲಿ ಸರಿಯುತ್ತರ ಒಂದೇ ಇರುವುದರಿಂದ ಅಲ್ಲಿ ಅನ್ಯಾಯಕ್ಕೆ ಎಡೆಯಿಲ್ಲವೆಂಬ ನಂಬಿಕೆ ಇದೆ. ಆದರೂ ಸಭಾಂಗಣದಲ್ಲಿ ದನಿ ಏರುವುದು, ಶಿಕ್ಷಕರು ಎದ್ದು ನಿಲ್ಲುವುದು, ಮಗು ಅಳುತ್ತ ಹೊರಗೆ ಹೋಗುವುದು ಈ ಸ್ಪರ್ಧೆಯಲ್ಲಿಯೇ ಹೆಚ್ಚು. ಇಂಥ ತಕರಾರುಗಳನ್ನು ಬಿಡಿಸಿ ನೋಡಿದರೆ ಬಹುಪಾಲು ಸಂದರ್ಭಗಳಲ್ಲಿ ತಪ್ಪು ನಡೆದದ್ದು ವೇದಿಕೆಯ ಮೇಲೆ ಅಲ್ಲವೆಂದು ತಿಳಿಯುತ್ತದೆ. ಪ್ರಶ್ನೆಯನ್ನು ಅವಸರದಲ್ಲಿ ಬರೆದಾಗ, ನಿಯಮವನ್ನು ಬರೆಯದೆ ಬಿಟ್ಟಾಗ, ತಂಡಗಳನ್ನು ಒಂದೇ ಸಾಲಿನಲ್ಲಿ ಕೂರಿಸಿ ಪ್ರಶ್ನೆ ದಾಟಿಸುವ ಹಳೆಯ ಪದ್ಧತಿಯನ್ನು ಯೋಚಿಸದೆ ಒಪ್ಪಿಕೊಂಡಾಗಲೇ ಅದು ನಡೆದುಹೋಗಿರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಪೂರ್ವಸಿದ್ಧತೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಪ್ರತಿ ಹಂತದಲ್ಲಿಯೂ ನಾನು ಬಳಸಿರುವ ಅಳತೆಗೋಲು ಒಂದೇ: ದೂರದಿಂದ ಬಂದ ಪ್ರತಿಯೊಂದು ಮಗುವಿಗೆ ಎಷ್ಟು ಸಲ ಯೋಚಿಸಿ ಉತ್ತರಿಸುವ ಅವಕಾಶ ದೊರೆಯಿತು?

ಮೊದಲ ಹೆಜ್ಜೆ: ಬರುವ ಮಕ್ಕಳು ಯಾರೆಂದು ತಿಳಿದುಕೊಳ್ಳುವುದು

ಮುಂಬೈಯಲ್ಲಿ ಒಂದೇ ಸಭಾಂಗಣದಲ್ಲಿ ಕೂರುವ ಕನ್ನಡಿಗರ ಮಕ್ಕಳು ಒಂದೇ ಪಠ್ಯವನ್ನು ಓದಿದವರಾಗಿರುವುದಿಲ್ಲ. ಬೃಹನ್ಮುಂಬೈ ಮಹಾನಗರ ಪಾಲಿಕೆಯು ಮರಾಠಿ, ಹಿಂದಿ, ಉರ್ದು, ಗುಜರಾತಿಗಳ ಜೊತೆಗೆ ಕನ್ನಡ ಮಾಧ್ಯಮದಲ್ಲಿಯೂ ಶಾಲೆ ನಡೆಸುತ್ತ ಬಂದಿದೆ. ಕನ್ನಡಿಗರೇ ಕಟ್ಟಿ ಬೆಳೆಸಿದ ಶಿಕ್ಷಣ ಸಂಸ್ಥೆಗಳ ಶಾಲೆಗಳಿವೆ. ಈ ಮಕ್ಕಳ ಕೈಯಲ್ಲಿರುವುದು ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿ ಪ್ರಕಟಿಸುವ ಮಹಾರಾಷ್ಟ್ರದ ಪಠ್ಯಪುಸ್ತಕಗಳು. ಇವರ ಪಕ್ಕದಲ್ಲಿಯೇ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲಿ ಇಂಗ್ಲಿಷಿನಲ್ಲಿ ಕಲಿತು, ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಕನ್ನಡವನ್ನೋ ಆಡುವ, ಕನ್ನಡ ಲಿಪಿಯನ್ನು ಕೂಡಿಸಿಕೊಂಡು ಓದುವ ಮಕ್ಕಳು ಕುಳಿತಿರುತ್ತಾರೆ. ಮಹಾರಾಷ್ಟ್ರದ ಪಠ್ಯದಲ್ಲಿ ಕಲಿತ ಮಗುವಿಗೆ ನಾಲ್ಕನೆಯ ತರಗತಿಯಲ್ಲಿಯೇ ಛತ್ರಪತಿ ಶಿವಾಜಿ ಮಹಾರಾಜರ ಚರಿತ್ರೆ ವಿವರವಾಗಿ ಸಿಕ್ಕಿರುತ್ತದೆ. ಕದಂಬರು, ಹೊಯ್ಸಳರು ಅಷ್ಟು ಹತ್ತಿರದ ಪರಿಚಯದವರಲ್ಲ. ಬೆಂಗಳೂರಿನ ಗೆಳೆಯರು ಕಳುಹಿಸಿಕೊಟ್ಟ ಪ್ರಶ್ನೆಗಳನ್ನು ಹಾಗೆಯೇ ಇಲ್ಲಿ ಕೇಳಿಬಿಟ್ಟರೆ, ಯಾವ ಮಗು ಬೇಸಿಗೆ ರಜೆಗೆ ಎಷ್ಟು ಸಲ ಊರಿಗೆ ಹೋಗಿ ಬಂದಿದೆ ಎಂಬುದನ್ನಷ್ಟೇ ಪರೀಕ್ಷಿಸಿದಂತಾಗುತ್ತದೆ.

ನನ್ನ ಸಲಹೆ ಹೀಗಿದೆ. ಅರ್ಧದಷ್ಟು ಪ್ರಶ್ನೆಗಳು ಎಲ್ಲ ಮಂಡಳಿಗಳಿಗೂ ಸಮಾನವಾದ ವಿಜ್ಞಾನ, ಗಣಿತ, ಪರಿಸರ, ಭಾರತದ ಭೂಗೋಳಗಳಿಂದ ಬರಲಿ. ಕಾಲುಭಾಗ ಮಕ್ಕಳು ದಿನನಿತ್ಯ ಕಾಣುವ ಮುಂಬೈ, ಮಹಾರಾಷ್ಟ್ರಗಳ ಕುರಿತಾಗಿರಲಿ. ಉಳಿದ ಕಾಲುಭಾಗ ಕರ್ನಾಟಕ ಮತ್ತು ಕನ್ನಡಕ್ಕೆ ಮೀಸಲಿರಲಿ. ಈ ಕೊನೆಯ ಭಾಗಕ್ಕೆ ಹತ್ತು ಪುಟಗಳ ಓದುವ ಸಾಮಗ್ರಿಯನ್ನು ಸಿದ್ಧಪಡಿಸಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ, ಸ್ಪರ್ಧೆಗೆ ಒಂದು ತಿಂಗಳ ಮೊದಲೇ ಎಲ್ಲ ಶಾಲೆಗಳಿಗೆ ಒಂದೇ ದಿನ ತಲುಪಿಸಬೇಕು. ಹೀಗೆ ಮಾಡಿದರೆ ಪ್ರಶ್ನೆಗಳು ಸುಲಭವಾಗಿಬಿಡುತ್ತವೆ ಎಂಬ ಆಕ್ಷೇಪ ಸಮಿತಿಯ ಸಭೆಯಲ್ಲಿ ಬರುವುದು ಖಂಡಿತ. ಓದಿಕೊಂಡು ಬಂದ ಮಗುವಿಗೆ ಸುಲಭವಾಗುವುದರಲ್ಲಿ ಆಕ್ಷೇಪಿಸುವಂಥದ್ದೇನೂ ನನಗೆ ಕಾಣುವುದಿಲ್ಲ.

ಐದರಿಂದ ಏಳನೆಯ ತರಗತಿ, ಎಂಟರಿಂದ ಹತ್ತನೆಯ ತರಗತಿ ಎಂದು ಎರಡು ವಿಭಾಗಗಳು ಸಾಕು. ತಂಡದಲ್ಲಿ ಇಬ್ಬರಿರಲಿ, ಮೂವರಿದ್ದರೆ ಮೂರನೆಯ ಮಗು ಮೂಕಪ್ರೇಕ್ಷಕನಾಗಿ ಉಳಿಯುವುದೇ ಹೆಚ್ಚು. ಸಂಘದ ಒಳಗಿನ ಸ್ಪರ್ಧೆಯಾಗಿದ್ದರೆ ಚೀಟಿ ಎತ್ತಿ ಜೋಡಿ ಮಾಡುವುದು ಇನ್ನೂ ಒಳ್ಳೆಯದು, ಏಕೆಂದರೆ ಪಾಲಿಕೆಯ ಕನ್ನಡ ಶಾಲೆಯ ಮಗು ಮತ್ತು ಐಸಿಎಸ್‌ಇ ಶಾಲೆಯ ಮಗು ಒಂದೇ ಮೇಜಿನಲ್ಲಿ ಕೂತರೆ ಒಬ್ಬರಿಗೆ ಗೊತ್ತಿಲ್ಲದ್ದು ಇನ್ನೊಬ್ಬರಿಗೆ ಗೊತ್ತಿರುತ್ತದೆ. ಶಾಲಾ ತಂಡಗಳನ್ನೇ ಕರೆಯುವುದಾದರೆ, ಪ್ರತಿ ವರ್ಷ ಅದೇ ಇಬ್ಬರನ್ನು ಕಳುಹಿಸುವ ರೂಢಿಯನ್ನು ತಪ್ಪಿಸಲು ಒಂದು ಚಿಕ್ಕ ಲಿಖಿತ ಪರೀಕ್ಷೆಯನ್ನು ಇಡೀ ತರಗತಿಗೆ ಕೊಟ್ಟು ಆಯ್ಕೆ ಮಾಡುವಂತೆ ಮುಖ್ಯೋಪಾಧ್ಯಾಯರನ್ನು ಕೋರಬೇಕು. ಪರೀಕ್ಷೆಯ ಹಾಳೆಯನ್ನು ಸಂಘವೇ ಒದಗಿಸಿದರೆ ಅವರಿಗೂ ಹೊರೆಯಾಗುವುದಿಲ್ಲ.

ಎರಡನೆಯ ಹೆಜ್ಜೆ: ನಿಯಮಗಳ ಒಂದು ಪುಟ

ನಿಯಮಗಳು ಒಂದೇ ಪುಟದಲ್ಲಿರಬೇಕು, ಸ್ಪರ್ಧೆಗೆ ಒಂದು ವಾರ ಮೊದಲು ಶಿಕ್ಷಕರ ಕೈ ಸೇರಬೇಕು, ಸ್ಪರ್ಧೆಯ ದಿನ ಗೋಡೆಯ ಮೇಲೆಯೂ ಇರಬೇಕು. ಅಂಕಗಳೆಷ್ಟು, ಸಮಯವೆಷ್ಟು, ಸಮಬಲವಾದರೆ ಏನು, ತಡವಾಗಿ ಬಂದ ತಂಡಕ್ಕೆ ಏನು, ದೂರನ್ನು ಯಾರಿಗೆ ಯಾವಾಗ ಕೊಡಬೇಕು, ಅಂತಿಮ ತೀರ್ಮಾನ ಯಾರದು ಎಂಬ ವಿಷಯಗಳಷ್ಟೇ ಅದರಲ್ಲಿರಲಿ. ಪ್ರಶ್ನೆಗಳನ್ನು ಬರೆದವರಾಗಲಿ ತೀರ್ಪುಗಾರರಾಗಲಿ ಭಾಗವಹಿಸುವ ಮಗುವಿನ ಪಾಲಕರೋ ಶಿಕ್ಷಕರೋ ಆಗಿರಬಾರದೆಂಬ ವಾಕ್ಯವನ್ನು ಮರೆಯದೆ ಸೇರಿಸಬೇಕು. ಮುಂಬೈಯ ಕನ್ನಡ ವಲಯದಲ್ಲಿ ಎಲ್ಲರೂ ಎಲ್ಲರಿಗೂ ಹೇಗೋ ನೆಂಟರಾಗಿರುವುದರಿಂದ ಇದು ಕಷ್ಟವೆನಿಸಬಹುದು. ಹಾಗಿದ್ದಲ್ಲಿ ಆ ವರ್ಷ ಸ್ಪರ್ಧೆಯಲ್ಲಿ ಮಕ್ಕಳಿಲ್ಲದ ಬೇರೆ ಉಪನಗರದ ಸಂಘದವರನ್ನು ಕೇಳಿಕೊಂಡು, ಮುಂದಿನ ವರ್ಷ ಅವರ ಸ್ಪರ್ಧೆಗೆ ನೀವು ಪ್ರಶ್ನೆ ಬರೆದುಕೊಟ್ಟರೆ ಲೆಕ್ಕ ಸರಿಹೋಗುತ್ತದೆ.

ಮೂರನೆಯ ಹೆಜ್ಜೆ: ಪ್ರಶ್ನೆಗಳನ್ನು ಬರೆಯುವುದು

ಸ್ಪರ್ಧೆಯ ಹಣೆಬರಹ ನಿರ್ಧಾರವಾಗುವುದು ಇಲ್ಲಿ. ಮೊದಲಿಗೆ, ಎರಡು ಉತ್ತರಗಳಿಗೆ ಎಡೆಮಾಡುವ ಪ್ರಶ್ನೆಗಳನ್ನು ಗುರುತಿಸುವ ಅಭ್ಯಾಸ ಬೇಕು. ‘ಕರ್ನಾಟಕ ಸ್ಥಾಪನೆಯಾದದ್ದು ಯಾವ ವರ್ಷ?’ ಎಂದು ಕೇಳಿದರೆ 1956 ಎಂದವರೂ 1973 ಎಂದವರೂ ವಾದಿಸಬಲ್ಲರು. ರಾಜ್ಯ ಏಕೀಕೃತವಾದದ್ದು 1956ರ ನವೆಂಬರ್ 1ರಂದು, ಮೈಸೂರು ರಾಜ್ಯವೆಂಬ ಹೆಸರು ಕರ್ನಾಟಕವೆಂದು ಬದಲಾದದ್ದು 1973ರ ಅದೇ ದಿನ. ‘ಗೇಟ್‌ವೇ ಆಫ್ ಇಂಡಿಯಾ ಕಟ್ಟಿದ್ದು ಯಾವಾಗ?’ ಎಂಬುದೂ ಹಾಗೆಯೇ: ಅಡಿಗಲ್ಲು ಹಾಕಿದ್ದು 1913ರಲ್ಲಿ, ಉದ್ಘಾಟನೆಯಾದದ್ದು 1924ರಲ್ಲಿ. ‘ಭೂಮಿಗೆ ಅತ್ಯಂತ ಹತ್ತಿರದ ನಕ್ಷತ್ರ ಯಾವುದು?’ ಎಂದಾಗ ಪ್ರಾಕ್ಸಿಮಾ ಸೆಂಟಾರಿ ಎಂದು ಬರೆದ ಜಾಣ ಮಗುವಿಗೆ ಸೂರ್ಯನೆಂಬ ಉತ್ತರ ತೋರಿಸಿ ಅಂಕ ನಿರಾಕರಿಸಿದರೆ ಶಿಕ್ಷಿಸಿದಂತಾಗುವುದು ಪ್ರಶ್ನೆ ಬರೆದವರ ಅಜಾಗರೂಕತೆಗೆ ಆ ಮಗುವನ್ನೇ.

ಎರಡನೆಯದು, ಕಾಲಕ್ಕೆ ಸವೆದುಹೋಗುವ ಉತ್ತರಗಳು. ಮಹಾರಾಷ್ಟ್ರದಲ್ಲಿ 35 ಜಿಲ್ಲೆಗಳೆಂದು ಹಳೆಯ ಪುಸ್ತಕಗಳಲ್ಲಿದೆ. 2014ರ ಆಗಸ್ಟ್ 1ರಂದು ಪಾಲ್ಘರ್ ಜಿಲ್ಲೆ ರಚನೆಯಾದಾಗಿನಿಂದ ಅವು 36. ವಿಜಯನಗರ ಜಿಲ್ಲೆ ಸೇರಿದ ಮೇಲೆ ಕರ್ನಾಟಕದವು 31. ಎವರೆಸ್ಟ್ ಶಿಖರದ ಎತ್ತರವನ್ನು 2020ರಲ್ಲಿ 8848.86 ಮೀಟರ್ ಎಂದು ಪ್ರಕಟಿಸಿದ್ದಾರೆ. ಅತಿ ಹೆಚ್ಚು ಉಪಗ್ರಹಗಳಿರುವ ಗ್ರಹ ಗುರುವೆಂದು ಕೆಲವು ಪ್ರಶ್ನೆಸಂಗ್ರಹಗಳಲ್ಲಿ ಕಾಣುತ್ತದೆ. 2025ರಲ್ಲಿ ಒಮ್ಮೆಗೇ 128 ಹೊಸ ಉಪಗ್ರಹಗಳಿಗೆ ಮಾನ್ಯತೆ ದೊರೆತು ಶನಿಯ ಉಪಗ್ರಹಗಳ ಸಂಖ್ಯೆ 274ಕ್ಕೆ ಏರಿದೆ. ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆಯೆಂಬ ಉತ್ತರವಂತೂ ಇನ್ನೂ ಚಲಾವಣೆಯಲ್ಲಿದೆ. ಭಾರತ ಸರ್ಕಾರ ಯಾವ ಕ್ರೀಡೆಯನ್ನೂ ಹಾಗೆಂದು ಅಧಿಕೃತವಾಗಿ ಘೋಷಿಸಿಲ್ಲ. ಪ್ರತಿ ಉತ್ತರವನ್ನು ಎರಡು ವಿಶ್ವಾಸಾರ್ಹ ಮೂಲಗಳಲ್ಲಿ ನೋಡಿ, ನೋಡಿದ ದಿನಾಂಕವನ್ನು ಉತ್ತರದ ಪಕ್ಕದಲ್ಲಿ ಬರೆದಿಟ್ಟರೆ, ತಕರಾರು ಬಂದಾಗ ತೀರ್ಪುಗಾರರ ಕೈಯಲ್ಲಿ ಆಧಾರವಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಸಾಮಾನ್ಯ ಜ್ಞಾನದ ಸಂದೇಶ ಮೂಲವಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಮೂರನೆಯದು ಹೆಚ್ಚು ಮುಖ್ಯವಾದದ್ದು. ಬಾಯಿಪಾಠ ಮಾಡಿದವರಿಗೆ ಮಾತ್ರ ಬರುವ ಪ್ರಶ್ನೆಗಿಂತ ಯೋಚಿಸಿದವರಿಗೆ ದಾರಿ ತೋರುವ ಪ್ರಶ್ನೆ ಉತ್ತಮ. ‘ಭಾರತದ ಮೊದಲ ಪ್ರಯಾಣಿಕರ ರೈಲು ಓಡಿದ್ದು ಯಾವ ವರ್ಷ?’ ಎಂದರೆ ಗೊತ್ತಿದ್ದವರು ಹೇಳುತ್ತಾರೆ, ಗೊತ್ತಿಲ್ಲದವರು ಪೆನ್ನು ಕೆಳಗಿಡುತ್ತಾರೆ. ಅದನ್ನೇ ಹೀಗೆ ಕೇಳಬಹುದು: ‘1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಭಾರತದ ಮೊದಲ ಪ್ರಯಾಣಿಕರ ರೈಲು ಸುಮಾರು 34 ಕಿಲೋಮೀಟರ್ ಸಾಗಿ ನಿಂತ ಊರಿಗೆ ಇಂದು ಕೆರೆಗಳ ನಗರವೆಂಬ ಹೆಸರಿದೆ; 2014ರಲ್ಲಿ ಪಾಲ್ಘರ್ ಜಿಲ್ಲೆ ಬೇರ್ಪಟ್ಟದ್ದು ಈ ಊರಿನ ಹೆಸರಿನ ಜಿಲ್ಲೆಯಿಂದಲೇ. ಯಾವುದು ಆ ಊರು?’ ಇಸವಿ ಗೊತ್ತಿಲ್ಲದ ಮಗು ಕೂಡ ದೂರವನ್ನು ಹಿಡಿದು, ಸೆಂಟ್ರಲ್ ಲೈನಿನ ನಿಲ್ದಾಣಗಳನ್ನು ಮನಸ್ಸಿನಲ್ಲಿಯೇ ಎಣಿಸುತ್ತ ಥಾಣೆಗೆ ಬಂದು ತಲುಪಬಲ್ಲದು. ಅಂಥ ಉತ್ತರ ಹೊಳೆದಾಗ ಮಗುವಿನ ಮುಖದಲ್ಲಿ ಬೆಳಕು ಮೂಡುವುದನ್ನು ಎದುರಿಗೆ ಕೂತವರೆಲ್ಲ ಕಾಣಬಹುದು.

ವಿಜ್ಞಾನದಲ್ಲಿಯೂ ಇದು ಸಾಧ್ಯ. ‘ಮುಂಬೈಯ ಅಡುಗೆಮನೆಯಲ್ಲಿ ನೀರು ಹೆಚ್ಚುಕಡಿಮೆ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಮಹಾಬಳೇಶ್ವರದಲ್ಲಿ ಅದಕ್ಕಿಂತ ಕಡಿಮೆಗೇ ಕುದಿಯುತ್ತದೆ, ಪ್ರೆಷರ್ ಕುಕರಿನೊಳಗೆ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ, ಮೂರಕ್ಕೂ ಕಾರಣವಾದ ಅಂಶ ಯಾವುದು?’ ಪ್ರಶ್ನೆ ಚೆನ್ನಾಗಿದೆಯೆಂದು ತೋರುತ್ತದೆ, ಆದರೆ ಉತ್ತರ ಒತ್ತಡ. ಇಂಗ್ಲಿಷ್ ಬಲ್ಲ ಮಗುವಿಗೆ ಅದು ಪ್ರಶ್ನೆಯಲ್ಲಿಯೇ ಕುಳಿತಿದೆ, ಕನ್ನಡ ಮಾಧ್ಯಮದ ಮಗುವಿಗೆ ಆ ಸವಲತ್ತು ಇಲ್ಲ. ‘ಸೀಟಿ ಹೊಡೆಯುವ ಕುಕರ್’ ಎಂದು ತಿದ್ದಿದರೆ ಇಬ್ಬರಿಗೂ ನೆಲ ಸಮವಾಗುತ್ತದೆ. ಇಂಥ ಸೂಕ್ಷ್ಮಗಳು ಬರೆದವರ ಕಣ್ಣಿಗೆ ಬೀಳುವುದು ಅಪರೂಪ; ಆದ್ದರಿಂದ ಎಲ್ಲ ಪ್ರಶ್ನೆಗಳನ್ನೂ ಸ್ಪರ್ಧೆಗೆ ಸಂಬಂಧವಿಲ್ಲದ ಒಬ್ಬ ಶಿಕ್ಷಕರು ಮತ್ತು ಕಾಲೇಜಿಗೆ ಹೋಗುವ ಒಬ್ಬ ವಿದ್ಯಾರ್ಥಿ ಗಟ್ಟಿಯಾಗಿ ಓದಿ ಉತ್ತರಿಸಿ ನೋಡಬೇಕು. ಕಿವಿಗೆ ಅರ್ಥವಾಗದ ಉದ್ದನೆಯ ವಾಕ್ಯಗಳೂ ಆಗ ಸಿಕ್ಕಿಬೀಳುತ್ತವೆ.

ಉತ್ತರಗಳ ಪಟ್ಟಿಯಲ್ಲಿ ಒಪ್ಪಬಹುದಾದ ಎಲ್ಲ ರೂಪಗಳನ್ನೂ ಮೊದಲೇ ಬರೆದಿಡಬೇಕು. ದ್ಯುತಿಸಂಶ್ಲೇಷಣೆ, ಫೋಟೋಸಿಂಥೆಸಿಸ್, ಮರಾಠಿಯ ಪ್ರಕಾಶಸಂಶ್ಲೇಷಣ ಇವು ಮೂರಕ್ಕೂ ಪೂರ್ಣ ಅಂಕ ಸಲ್ಲಬೇಕು. ವ್ಯಕ್ತಿಯ ಹೆಸರಿಗೆ ಕುಲನಾಮ ಸಾಕೇ, ಅರ್ಧ ಉತ್ತರಕ್ಕೆ ಅರ್ಧ ಅಂಕ ಉಂಟೇ ಎಂಬುದೂ ಅಲ್ಲಿಯೇ ತೀರ್ಮಾನವಾಗಿರಲಿ. ಬೇಕಾದ ಪ್ರಶ್ನೆಗಳಿಗಿಂತ ಹತ್ತು ಹನ್ನೆರಡು ಹೆಚ್ಚು ಸಿದ್ಧವಿರಬೇಕು, ಏಕೆಂದರೆ ಸಭಿಕರ ಬಾಯಿಂದ ಉತ್ತರ ಜಾರುವುದು, ಮೈಕು ಕೈಕೊಡುವುದು ತಪ್ಪಿದ್ದಲ್ಲ. ಗೋಪ್ಯತೆಯ ಬಗ್ಗೆ ಒಂದು ಮಾತು: ಪ್ರಶ್ನೆಗಳ ಕಡತ ಇಬ್ಬರಿಗಿಂತ ಹೆಚ್ಚು ಜನರ ಬಳಿ ಇರಬಾರದು, ಸಮಿತಿಯ ವಾಟ್ಸ್ಆ್ಯಪ್ ಗುಂಪಿಗೆ ಎಂದಿಗೂ ಹೋಗಬಾರದು, ಸ್ಟೇಷನ್ ಎದುರಿನ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದುಹೋಗಬಾರದು.

ನಾಲ್ಕನೆಯ ಹೆಜ್ಜೆ: ದಿನ, ಸಮಯ, ಸಭಾಂಗಣ

ಎಸ್ಸೆಸ್ಸಿ (ಹತ್ತನೆಯ ತರಗತಿ) ಮಕ್ಕಳು ಪೂರ್ವಭಾವಿ ಪರೀಕ್ಷೆಗೆ ಕೂರುವ ಮೊದಲು, ದೀಪಾವಳಿ ರಜೆ ಮುಗಿದ ಮೇಲೆ ಬರುವ ಭಾನುವಾರಗಳು ಅನುಕೂಲ. ಆದರೆ ಭಾನುವಾರವೆಂದರೆ ಹಳಿಗಳ ದುರಸ್ತಿಗಾಗಿ ಲೋಕಲ್ ರೈಲುಗಳ ಓಡಾಟವನ್ನು ಕೆಲವು ಗಂಟೆ ತಡೆಯುವ ದಿನ: ಸೆಂಟ್ರಲ್ ಮತ್ತು ಹಾರ್ಬರ್ ಲೈನುಗಳಲ್ಲಿ ಅದಕ್ಕೆ ಮೆಗಾಬ್ಲಾಕ್, ವೆಸ್ಟರ್ನ್‌ನಲ್ಲಿ ಜಂಬೋಬ್ಲಾಕ್ ಎಂದು ಹೆಸರು. ಕಲ್ಯಾಣದಿಂದಲೋ ಪನವೇಲಿನಿಂದಲೋ ಬರುವ ಮಗು ತಡವಾಗಿ ಬಂದರೆ ಅದು ಮಗುವಿನ ತಪ್ಪಲ್ಲ. ರೈಲ್ವೆಯ ಪ್ರಕಟಣೆ ಬಂದ ಕೂಡಲೇ ಎಲ್ಲ ಶಾಲೆಗಳಿಗೆ ತಿಳಿಸಿ, ಅಗತ್ಯವಿದ್ದರೆ ಆರಂಭದ ಸಮಯವನ್ನು ಎಲ್ಲರಿಗೂ ಒಂದೇ ಸಮನೆ ಅರ್ಧ ಗಂಟೆ ಮುಂದೂಡುವುದು, ಒಂದೆರಡು ತಂಡಗಳಿಗೆ ವಿನಾಯಿತಿ ಕೊಡುವುದಕ್ಕಿಂತ ಮೇಲು.

ಸಭಾಂಗಣದಲ್ಲಿ ತಂಡಗಳ ಹಿಂದೆ ಕಿಟಕಿಯೋ ಬಾಗಿಲೋ ಇರದಂತೆ, ಪಾಲಕರ ಸಾಲು ತಂಡಗಳ ಕಣ್ಣಳತೆಯಿಂದ ಆಚೆ ಇರುವಂತೆ ನೋಡಿಕೊಳ್ಳಬೇಕು. ಎಲ್ಲ ಮೇಜುಗಳಿಂದಲೂ ಪರದೆ ಸಮನಾಗಿ ಕಾಣುವುದೇ ಎಂದು ಮಗುವಿನ ಎತ್ತರದಲ್ಲಿ ಕುಳಿತು ಪರೀಕ್ಷಿಸುವುದು ಒಳ್ಳೆಯದು. ಇನ್ನು ಸಭಾ ಕಾರ್ಯಕ್ರಮದ ವಿಷಯ. ಶಾಲು, ಹಾರ, ಫಲಪುಷ್ಪ, ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಹಿತನುಡಿ ಇವೆಲ್ಲ ನಮ್ಮ ಸಂಘಗಳ ಸಂಪ್ರದಾಯ, ಬೇಡವೆನ್ನಲಾಗದು. ಆದರೆ ಅವನ್ನು ಪ್ರಾಥಮಿಕ ಸುತ್ತಿನ ಮೌಲ್ಯಮಾಪನ ನಡೆಯುವ ಹೊತ್ತಿಗೆ ಇಟ್ಟುಕೊಂಡರೆ ಎರಡೂ ಕೆಲಸ ಒಟ್ಟಿಗೆ ಮುಗಿಯುತ್ತವೆ, ಮತ್ತು ಬೆಳಗಿನ ಆರು ಗಂಟೆಗೆ ಎದ್ದು ಬಂದ ಮಗು ತಾಜಾ ಮನಸ್ಸಿನಿಂದ ಉತ್ತರ ಬರೆಯುತ್ತದೆ.

ಐದನೆಯ ಹೆಜ್ಜೆ: ಲಿಖಿತ ಪ್ರಾಥಮಿಕ ಸುತ್ತು

ಬಂದ ಎಲ್ಲ ತಂಡಗಳಿಗೂ 25 ಪ್ರಶ್ನೆ, 30 ನಿಮಿಷ. ಹಾಳೆಯಲ್ಲಿ ಶಾಲೆಯ ಹೆಸರಿನ ಬದಲು ಸಂಕೇತ ಸಂಖ್ಯೆ ಮಾತ್ರ ಇರಲಿ. ಪ್ರಶ್ನೆಗಳು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಅಚ್ಚಾಗಿರಲಿ, ಉತ್ತರವನ್ನು ಯಾವ ಭಾಷೆಯಲ್ಲಾದರೂ ಬರೆಯಲಿ. ಕಾಗುಣಿತದ ತಪ್ಪಿಗೆ ಅಂಕ ಕಳೆಯಬಾರದು.

ಮೌಲ್ಯಮಾಪನಕ್ಕೆ ಒಂದು ಕ್ರಮ ತುಂಬ ಉಪಯುಕ್ತ. 40 ತಂಡಗಳಿದ್ದರೆ ಒಟ್ಟು 1000 ಉತ್ತರಗಳು. ನಾಲ್ವರು ಮೌಲ್ಯಮಾಪಕರು ಹತ್ತು ಹತ್ತು ಹಾಳೆಗಳನ್ನು ಹಂಚಿಕೊಳ್ಳುವ ಬದಲು, ಪ್ರಶ್ನೆಗಳನ್ನು ಹಂಚಿಕೊಳ್ಳಬೇಕು: ಒಬ್ಬರು ಎಲ್ಲ 40 ಹಾಳೆಗಳಲ್ಲಿಯೂ ಮೊದಲ ಆರು ಪ್ರಶ್ನೆಗಳನ್ನು ತಿದ್ದಿ ಮುಂದಿನವರಿಗೆ ದಾಟಿಸುತ್ತ ಹೋಗಬೇಕು. ಆಗ ಒಂದು ಪ್ರಶ್ನೆಯನ್ನು ಎಲ್ಲ ತಂಡಗಳಿಗೂ ಒಬ್ಬರೇ ತಿದ್ದಿದಂತಾಗಿ, ಒಬ್ಬರು ಉದಾರಿ, ಇನ್ನೊಬ್ಬರು ಬಿಗಿ ಎಂಬ ವ್ಯತ್ಯಾಸ ಫಲಿತಾಂಶಕ್ಕೆ ತಟ್ಟುವುದಿಲ್ಲ. ಸಂಶಯದ ಉತ್ತರಗಳಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೊನೆಯಲ್ಲಿ ನಾಲ್ವರೂ ಸೇರಿ ತೀರ್ಮಾನಿಸಬೇಕು.

ಸಮಬಲ ಬಿಡಿಸಲು ಕಠಿಣವಾದ ಐದು ಪ್ರಶ್ನೆಗಳಿಗೆ ನಕ್ಷತ್ರದ ಗುರುತು ಹಾಕಿ, ಅವುಗಳಲ್ಲಿ ಹೆಚ್ಚು ಸರಿ ಮಾಡಿದವರು ಮುಂದೆ ಎಂದು ಮೊದಲೇ ಸಾರಿರಬೇಕು. ಅಲ್ಲಿಯೂ ಸಮವಾದರೆ ಅಂತಿಮ ಸುತ್ತಿಗೆ ಒಂದು ಮೇಜು ಹೆಚ್ಚು ಹಾಕುವುದೇ ವಾಸಿ. ನಾಣ್ಯ ಚಿಮ್ಮಿ ಮಗುವನ್ನು ಮನೆಗೆ ಕಳುಹಿಸುವ ಅಗತ್ಯವಿಲ್ಲ. ಫಲಿತಾಂಶ ಹೇಳುವಾಗ ಆಯ್ಕೆಯಾದ ತಂಡಗಳನ್ನು ಮಾತ್ರ ಹೆಸರಿಸಿ, ಸರಿಯುತ್ತರಗಳನ್ನು ಪರದೆಯ ಮೇಲೆ ಒಂದೊಂದಾಗಿ ತೋರಿಸಬೇಕು. ಉಳಿದವರ ಅಂಕಗಳನ್ನು ಗಟ್ಟಿಯಾಗಿ ಓದುವುದು ಸಲ್ಲದು.

ಆರನೆಯ ಹೆಜ್ಜೆ: ಅಂತಿಮ ಸುತ್ತಿನ ಪದ್ಧತಿ

ನಮ್ಮಲ್ಲಿ ಎಲ್ಲೆಡೆ ನಡೆಯುವುದು ನೇರ ಪ್ರಶ್ನೆ ಮತ್ತು ಪಾಸ್ ಪದ್ಧತಿ. ಪ್ರತಿ ತಂಡಕ್ಕೆ ಸರದಿಯಂತೆ ಪ್ರಶ್ನೆ, ಗೊತ್ತಿಲ್ಲದಿದ್ದರೆ ಪಕ್ಕದ ತಂಡಕ್ಕೆ. ಇದರಲ್ಲಿ ಎರಡು ದೋಷಗಳಿವೆ. ದುರ್ಬಲ ತಂಡದ ಪಕ್ಕದಲ್ಲಿ ಕುಳಿತವರಿಗೆ ಪಾಸ್ ಪ್ರಶ್ನೆಗಳ ಸುಗ್ಗಿ, ಬಲಿಷ್ಠ ತಂಡದ ಪಕ್ಕದವರಿಗೆ ಬರ. ಅಂದರೆ ಗೆಲುವನ್ನು ಒಂದಿಷ್ಟು ಮಟ್ಟಿಗೆ ಕುರ್ಚಿಯ ಚೀಟಿಯೇ ನಿರ್ಧರಿಸುತ್ತದೆ. ಎರಡನೆಯದಾಗಿ, ಆರು ತಂಡಗಳಿಗೆ 18 ಪ್ರಶ್ನೆ ಕೇಳಿದರೆ ಪ್ರತಿ ತಂಡಕ್ಕೆ ಖಚಿತವಾಗಿ ದೊರೆಯುವುದು ಮೂರೇ ಪ್ರಶ್ನೆ. ಅರ್ಧ ದಿನ ವ್ಯಯಿಸಿ ಬಂದ ಮಗುವಿಗೆ ಮೂರು ಪ್ರಶ್ನೆ!

ಇದಕ್ಕೆ ಅತ್ಯಂತ ಸರಳ ಪರಿಹಾರ ಸ್ಲೇಟಿನ ಸುತ್ತು. ಪ್ರತಿ ಪ್ರಶ್ನೆಯೂ ಎಲ್ಲ ತಂಡಗಳಿಗೆ. 30 ಸೆಕೆಂಡಿನಲ್ಲಿ ಉತ್ತರ ಬರೆದು, ಗಂಟೆ ಬಾರಿಸಿದಾಗ ಎಲ್ಲರೂ ಒಟ್ಟಿಗೆ ಎತ್ತಿ ಹಿಡಿಯಬೇಕು. ಅದೇ 18 ಪ್ರಶ್ನೆಗಳಿಗೆ ಆಗ 108 ಉತ್ತರಗಳು ಬರುತ್ತವೆ. ಕುರ್ಚಿಯ ಅದೃಷ್ಟಕ್ಕೆ ಅವಕಾಶವೇ ಇಲ್ಲ. ಮಾತನಾಡಲು ತೊದಲುವ, ಸಂಕೋಚಪಡುವ ಮಗುವೂ ಸಮಾನವಾಗಿ ಆಡಬಲ್ಲದು. ಖರ್ಚೂ ಇಲ್ಲ, ಪಾರದರ್ಶಕ ಪ್ಲಾಸ್ಟಿಕ್ ಫೋಲ್ಡರಿನೊಳಗೆ ಬಿಳಿ ಹಾಳೆಯಿಟ್ಟು ಅಳಿಸಬಹುದಾದ ಮಾರ್ಕರ್ ಕೊಟ್ಟರೆ ಆಯಿತು. ನನ್ನ ಅಭಿಪ್ರಾಯದಲ್ಲಿ ಅಂತಿಮ ಸುತ್ತಿನ ಕನಿಷ್ಠ ಅರ್ಧಭಾಗ ಹೀಗೆಯೇ ನಡೆಯಬೇಕು. ಐದರಿಂದ ಏಳನೆಯ ತರಗತಿಯವರಿಗೆ ಪೂರ್ತಿ ಹೀಗೆಯೇ ನಡೆದರೂ ನಷ್ಟವಿಲ್ಲ.

ವೇದಿಕೆಯ ಮೇಲೆ ಮಾತು, ಕುತೂಹಲ ಬೇಕೆನ್ನುವವರಿಗೆ ಬೌನ್ಸ್ ಪದ್ಧತಿ ಇದೆ. ಮೊದಲ ಪ್ರಶ್ನೆ ಒಂದನೆಯ ತಂಡಕ್ಕೆ. ಗೊತ್ತಿಲ್ಲದಿದ್ದರೆ ಎರಡು, ಮೂರು ಎಂದು ಮುಂದೆ ಸಾಗುತ್ತದೆ, ಯಾರು ಹೇಳಿದರೂ ಅಂಕ ಹತ್ತೇ. ನಾಲ್ಕನೆಯ ತಂಡ ಉತ್ತರಿಸಿತೆನ್ನಿ, ಮುಂದಿನ ಪ್ರಶ್ನೆ ಐದನೆಯ ತಂಡದಿಂದ ಆರಂಭ. ಯಾರಿಗೂ ಬರದಿದ್ದರೆ, ಆ ಪ್ರಶ್ನೆ ಆರಂಭವಾದ ತಂಡದ ಪಕ್ಕದವರಿಂದ ಮುಂದಿನ ಪ್ರಶ್ನೆ ಆರಂಭವಾಗಲಿ. ಇದರಲ್ಲಿ ಬೇರೆ ರೂಢಿಗಳೂ ಇರುವುದರಿಂದ ನಿಮ್ಮದು ಯಾವುದೆಂದು ನಿಯಮದ ಪುಟದಲ್ಲಿ ಬರೆದಿರಬೇಕು. 12 ಪ್ರಶ್ನೆಗಳಾದ ಮೇಲೆ ದಿಕ್ಕನ್ನು ತಿರುಗಿಸಿ, ಇನ್ನು 12 ಪ್ರಶ್ನೆಗಳನ್ನು ಆರನೆಯ ತಂಡದಿಂದ ಒಂದನೆಯದರ ಕಡೆಗೆ ನಡೆಸಿದರೆ ಪಕ್ಕದವರ ಲಾಭ ಬಹುಮಟ್ಟಿಗೆ ಸರಿದೂಗುತ್ತದೆ. ಒಂದು ಎಚ್ಚರಿಕೆ: ಆಯ್ಕೆಗಳಿರುವ ಪ್ರಶ್ನೆಯನ್ನು ಬೌನ್ಸ್‌ನಲ್ಲಿ ಕೇಳಲೇಬಾರದು. ನಾಲ್ಕು ಆಯ್ಕೆಗಳಲ್ಲಿ ಮೂರು ತಪ್ಪೆಂದು ಮೊದಲ ಮೂರು ತಂಡಗಳು ತೋರಿಸಿಕೊಟ್ಟ ಮೇಲೆ ನಾಲ್ಕನೆಯ ತಂಡ ಯೋಚಿಸಬೇಕಾದದ್ದು ಏನೂ ಉಳಿಯುವುದಿಲ್ಲ.

ಬಜರ್ ಸುತ್ತು ಬೇಕೇಬೇಕೆಂದರೆ ಆರು ಪ್ರಶ್ನೆಗಳಿಗೆ ಸೀಮಿತವಾಗಿರಲಿ, ಮೊದಲು ಒತ್ತಿದವರ ದೀಪ ಮಾತ್ರ ಬೆಳಗುವ ನಿಜವಾದ ಉಪಕರಣವಿರಲಿ. ಮೇಜು ಕುಟ್ಟುವುದು, ಕೈ ಎತ್ತುವುದು ಜಗಳದ ಬೀಜ. ಋಣಾಂಕಗಳನ್ನು ನಾನು ಒಪ್ಪುವುದಿಲ್ಲ. ಶೂನ್ಯಕ್ಕಿಂತ ಕೆಳಗಿಳಿದ ಅಂಕವನ್ನು ಫಲಕದ ಮೇಲೆ ಹೊತ್ತು ಕೂರುವ ಮಗು ಅನಂತರ ಬಾಯಿಯನ್ನೇ ತೆರೆಯುವುದಿಲ್ಲ. ಬೇಕಾಬಿಟ್ಟಿ ಬಜರ್ ಒತ್ತುವುದನ್ನು ತಡೆಯಲು, ತಪ್ಪು ಹೇಳಿದ ತಂಡ ಮುಂದಿನ ಒಂದು ಪ್ರಶ್ನೆಗೆ ಒತ್ತುವಂತಿಲ್ಲ ಎಂಬ ನಿಯಮ ಸಾಕು.

ಏಳನೆಯ ಹೆಜ್ಜೆ: ಪ್ರಶ್ನೆ ಕೇಳುವವರ ನಡೆನುಡಿ

ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ, ಅನಂತರ ಇಂಗ್ಲಿಷಿನಲ್ಲಿ, ಒಂದೇ ವೇಗದಲ್ಲಿ ಓದಬೇಕು. ಸಮಯದ ಎಣಿಕೆ ಎರಡನೆಯ ಓದು ಮುಗಿದ ಮೇಲೆ ಆರಂಭವಾಗಬೇಕು, ಗಡಿಯಾರ ಹಿಡಿದವರು ಬೇರೆಯವರಾಗಿರಬೇಕು. ಹಿಂದುಳಿದ ತಂಡಕ್ಕೆ ಕರುಣೆಯಿಂದ ಸುಳಿವು ಕೊಡುವುದು ಸಹೃದಯತೆಯಂತೆ ಕಂಡರೂ ಅದು ಉಳಿದ ತಂಡಗಳಿಗೆ ಮಾಡುವ ಅನ್ಯಾಯ. ಸುಳಿವು ಬೇಕಿದ್ದರೆ ಪ್ರಶ್ನೆಯ ಭಾಗವಾಗಿಯೇ, ಎಲ್ಲರಿಗೂ ಸಿಗುವಂತೆ ಬರೆದಿರಬೇಕು.

ತಪ್ಪು ಉತ್ತರಕ್ಕೆ ಹೇಗೆ ಸ್ಪಂದಿಸಬೇಕೆಂಬುದರಲ್ಲಿ ಸ್ಪರ್ಧೆಯ ಸ್ವಭಾವ ಅಡಗಿದೆ. ಎಲಿಫೆಂಟಾ ಗುಹೆಗಳು ಯಾವ ಜಿಲ್ಲೆಯಲ್ಲಿವೆಯೆಂದು ಕೇಳಿದಾಗ ಮಗು ‘ಮುಂಬೈ’ ಎಂದರೆ, ‘ಇಷ್ಟು ಸುಲಭದ್ದೂ ಗೊತ್ತಿಲ್ಲವೇ?’ ಎಂದು ಸಭಿಕರನ್ನು ನಗಿಸುವವರಿದ್ದಾರೆ. ‘ದೋಣಿ ಹೊರಡುವುದು ಗೇಟ್‌ವೇಯಿಂದ, ಆದ್ದರಿಂದ ಹಾಗನ್ನಿಸುವುದು ಸಹಜ, ಆದರೆ ಘಾರಾಪುರಿ ದ್ವೀಪ ಇರುವುದು ರಾಯಗಡ ಜಿಲ್ಲೆಯ ಉರಣ ತಾಲೂಕಿನಲ್ಲಿ’ ಎಂದರೆ ಉತ್ತರವೂ ತಿಳಿಯಿತು, ಮಗುವಿನ ಯೋಚನೆಗೆ ಮರ್ಯಾದೆಯೂ ಉಳಿಯಿತು. ಉತ್ತರ ಸರಿಯೋ ತಪ್ಪೋ ಎಂಬುದನ್ನು ಮುಖಭಾವದಿಂದ ಮೊದಲೇ ಬಿಟ್ಟುಕೊಡದಿರುವುದಕ್ಕೆ ಅಭ್ಯಾಸ ಬೇಕು. ಒಂದು ಶಾಲೆಯ ಮಕ್ಕಳನ್ನು ಹೆಸರು ಹಿಡಿದು ಆತ್ಮೀಯವಾಗಿ ಕರೆದು, ಮತ್ತೊಂದು ಶಾಲೆಯವರನ್ನು ‘ನಾಲ್ಕನೆಯ ತಂಡ’ ಎನ್ನುವುದೂ ಮಕ್ಕಳ ಕಣ್ಣಿಗೆ ಬೀಳುತ್ತದೆ.

ಸಭಿಕರಿಂದ ಉತ್ತರ ತೂರಿಬಂದರೆ ಆ ಪ್ರಶ್ನೆ ರದ್ದು, ಬದಲಿ ಪ್ರಶ್ನೆ ಅದೇ ತಂಡಕ್ಕೆ. ಅಂತಿಮ ಸುತ್ತಿಗೆ ಬಾರದ ಮಕ್ಕಳು ಸಭಿಕರಾಗಿ ಕೂತಿರುತ್ತಾರೆ ಎಂಬುದನ್ನು ಮರೆಯಬಾರದು. ಪ್ರತಿ ಸುತ್ತಿನ ನಡುವೆ ಮೂರು ನಾಲ್ಕು ಪ್ರಶ್ನೆಗಳು ಅವರಿಗೇ ಮೀಸಲಾಗಿದ್ದರೆ ಸಭಾಂಗಣದ ಹಿಂದಿನ ಸಾಲು ಖಾಲಿಯಾಗುವುದಿಲ್ಲ. ಆ ಪ್ರಶ್ನೆಗಳಿಗೆ ಪಾಲಕರು ಕೈ ಎತ್ತುವಂತಿಲ್ಲ.

ಎಂಟನೆಯ ಹೆಜ್ಜೆ: ಅಂಕ ಮತ್ತು ಆಕ್ಷೇಪ

ಇಬ್ಬರು ಬೇರೆ ಬೇರೆ ಹಾಳೆಗಳಲ್ಲಿ ಅಂಕ ಬರೆದು ಪ್ರತಿ ಸುತ್ತಿನ ಕೊನೆಗೆ ತಾಳೆ ನೋಡಬೇಕು, ಫಲಕದ ಮೇಲೆ ಎಲ್ಲರಿಗೂ ಕಾಣುವಂತೆ ಏರಿಸಬೇಕು. ಆಕ್ಷೇಪವನ್ನು ತಂಡದ ಮಗುವೇ, ಆ ಸುತ್ತು ಮುಗಿಯುವ ಮೊದಲು, ಒಂದು ಚೀಟಿಯಲ್ಲಿ ಬರೆದು ತೀರ್ಪುಗಾರರಿಗೆ ಕೊಡಬಹುದೆಂದು ನಿಯಮವಿರಲಿ. ಶಿಕ್ಷಕರು, ಪಾಲಕರು ವೇದಿಕೆ ಹತ್ತುವಂತಿಲ್ಲ. ತೀರ್ಪುಗಾರರು ಇಬ್ಬರಿದ್ದು, ಆಧಾರದ ಕಡತ ಮತ್ತು ಅಂತರ್ಜಾಲವಿರುವ ಒಂದು ಫೋನು ಅವರ ಮುಂದಿರಬೇಕು. ಮಗು ಹೇಳಿದ್ದು ಸರಿಯೆಂದು ತಿಳಿದರೆ ಪ್ರಶ್ನೆ ಕೇಳುವವರು ಅದನ್ನು ಮೈಕಿನಲ್ಲಿಯೇ ಸಾರಿ ಅಂಕ ಕೊಡಬೇಕು. ಎರಡೂ ಉತ್ತರಗಳಿಗೆ ಸಮರ್ಥನೆ ಇದೆಯೆಂದಾದರೆ ಎರಡನ್ನೂ ಒಪ್ಪಿ ಮುಂದೆ ಸಾಗುವುದು ಲೇಸು.

ಬಹುಮಾನ ಮತ್ತು ಆನಂತರದ ಕೆಲಸ

ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಡುತ್ತಿರುವ ‘ಥಟ್ ಅಂತ ಹೇಳಿ’ ಕಾರ್ಯಕ್ರಮದಲ್ಲಿ ಸರಿಯುತ್ತರಕ್ಕೆ ಪುಸ್ತಕವೇ ಬಹುಮಾನ. ಅದೇ ದಾರಿಯಲ್ಲಿ, ದೊಡ್ಡ ಟ್ರೋಫಿಗೆ ಹೋಗುವ ಹಣವನ್ನು ಚಿಕ್ಕ ಪುಸ್ತಕಗಳಾಗಿ ಒಡೆದರೆ ಬಂದ ಪ್ರತಿ ಮಗುವಿನ ಚೀಲಕ್ಕೂ ಒಂದು ಸೇರುತ್ತದೆ. ಕನ್ನಡ ಓದು ನಿಧಾನವಾಗಿರುವ ಮಕ್ಕಳಿಗೆ ಚಿತ್ರಗಳಿರುವ, ದೊಡ್ಡ ಅಕ್ಷರದ ಪುಸ್ತಕಗಳನ್ನು ಬೇರೆಯಾಗಿ ಆರಿಸಿಡಬೇಕು. ಪ್ರಮಾಣಪತ್ರಗಳಲ್ಲಿ ಮಕ್ಕಳ ಹೆಸರಿನ ಕಾಗುಣಿತವನ್ನು ನೋಂದಣಿಯ ಹೊತ್ತಿಗೇ ಅವರಿಂದಲೇ ಬರೆಸಿಕೊಂಡಿದ್ದರೆ ಕೊನೆಯ ಗಳಿಗೆಯ ತಿದ್ದುಪಡಿ ತಪ್ಪುತ್ತದೆ. ಮಕ್ಕಳ ಫೋಟೋಗಳನ್ನು ಪತ್ರಿಕೆಗೋ ಫೇಸ್‌ಬುಕ್ಕಿಗೋ ಕಳುಹಿಸುವ ಮೊದಲು ಪಾಲಕರ ಒಪ್ಪಿಗೆ ಪಡೆದಿರಬೇಕು.

ಸ್ಪರ್ಧೆ ಮುಗಿದ ವಾರದೊಳಗೆ ಎಲ್ಲ ಪ್ರಶ್ನೆಗಳು, ಉತ್ತರಗಳು ಮತ್ತು ಪ್ರತಿ ತಂಡ ಬರೆದ ಲಿಖಿತ ಸುತ್ತಿನ ಹಾಳೆ ಆಯಾ ಶಾಲೆಗೆ ಮರಳಿ ಹೋಗಬೇಕು, ಗೆದ್ದವರಿಗೂ ಸೋತವರಿಗೂ. ಕಳುಹಿಸುವ ಮೊದಲು ಯಾರೊಬ್ಬರಿಗೂ ಬಾರದ ಪ್ರಶ್ನೆಗಳನ್ನೂ ಎಲ್ಲರಿಗೂ ಬಂದ ಪ್ರಶ್ನೆಗಳನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿ ಒಂದು ಪ್ರತಿಯನ್ನು ಸಂಘದ ಕಪಾಟಿನಲ್ಲಿ ಇಟ್ಟುಕೊಳ್ಳಿ. ಮಾಧ್ಯಮವಾರು ಸರಾಸರಿಯನ್ನೂ ಆ ಪ್ರತಿಯ ಮೇಲೆ ಬರೆದಿಡಿ: ಕನ್ನಡ ಮಾಧ್ಯಮದ ಮಕ್ಕಳು ಒಂದು ವಿಭಾಗದಲ್ಲಿ ಒಟ್ಟಾರೆಯಾಗಿ ಹಿಂದೆ ಬಿದ್ದಿದ್ದರೆ, ಮುಂದಿನ ವರ್ಷದ ಪ್ರಶ್ನೆ ಬರೆಯುವವರು ಮೊದಲು ತಿದ್ದಬೇಕಾದದ್ದು ಆ ವಿಭಾಗವನ್ನು.